ಡಾಕ್ಟರ್ ಓದಿನಲ್ಲೊಂದು ಅಧಿಕ ವರ್ಷ: ಸಿಡ್ನಿ ಬ್ರೆನ್ನರ್ ಕಥೆ

  ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗಾಗಿ ಈ ಬರಹ ರೂಪ.

ಇವತ್ತಿನ ವಿಷಯ ಓದಿನಲ್ಲಿ ಬರುವ ಒಂದು ಹೆಚ್ಚುವರಿ ವರ್ಷ. ಬ್ರಿಟನ್ನಿನಲ್ಲಿ ಮೆಡಿಕಲ್ ಓದುವವರು ಕೋರ್ಸಿನ ಮಧ್ಯದಲ್ಲಿ ಒಂದು ವರ್ಷ ಪಕ್ಕಕ್ಕೆ ಸರಿದು, ಫಿಸಿಯಾಲಜಿಯಲ್ಲೋ ನ್ಯೂರೋಸೈನ್ಸ್‌ನಲ್ಲೋ ಇನ್ನೊಂದು ಡಿಗ್ರಿ ಪಡೆದು, ಆಮೇಲೆ ಮತ್ತೆ ಮೆಡಿಕಲ್‌ಗೆ ವಾಪಸ್ ಬರಬಹುದು. ಐದು ವರ್ಷದ ಓದು ಆರಾಗುತ್ತೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಇಂಪೀರಿಯಲ್ ಕಾಲೇಜಿನ ಆರು ವರ್ಷದ ಕೋರ್ಸಿನಲ್ಲಿ ಇದು ಸೇರಿಕೊಂಡೇ ಇದೆ. ಬೇರೆ ಅನೇಕ ಕಡೆ ಇಷ್ಟ ಇದ್ದವರು ತಗೊಳ್ತಾರೆ. ಇದರ ಹೆಸರು ಇಂಟರ್‌ಕಲೇಟೆಡ್ ಡಿಗ್ರಿ.

ಈ ಪದ ಬಂದಿದ್ದು ಕ್ಯಾಲೆಂಡರಿನಿಂದ. ಲೆಕ್ಕ ಸರಿಹೋಗಲಿ ಅಂತ ನಡುವೆ ಸೇರಿಸುವ ದಿನಕ್ಕೆ, ತಿಂಗಳಿಗೆ ಹೇಳುವ ಮಾತು ಅದು. ಅಂದ್ರೆ ನಮ್ಮ ಅಧಿಕ ಮಾಸ! ಅಧಿಕ ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಉತ್ತರ ಕರ್ನಾಟಕದ ಅಳಿಯಂದಿರನ್ನು ಬಿಟ್ಟರೆ ಆ ತಿಂಗಳಿಂದ ಯಾರಿಗೂ ಲಾಭ ಇಲ್ಲ ಅನ್ನಿಸುತ್ತೆ. ಆದರೆ ಚಾಂದ್ರಮಾನದ ವರ್ಷ ಸುಮಾರು 354 ದಿನ, ಸೂರ್ಯನದು 365. ವರ್ಷಕ್ಕೆ 11 ದಿನ ಖೋತಾ. ಮೂರು ವರ್ಷದೊಳಗೆ ಒಂದು ತಿಂಗಳು ಸೇರಿಸದಿದ್ದರೆ ಯುಗಾದಿ ಹಿಂದಕ್ಕೆ ಸರಿಯುತ್ತಾ ಚಳಿಗಾಲಕ್ಕೆ ಹೋಗಿ ಕೂರುತ್ತಿತ್ತು.

ಓದಿನ ಅಧಿಕ ವರ್ಷವೂ ಹೀಗೇನಾ? ಅದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಸಿಡ್ನಿ ಬ್ರೆನ್ನರ್.

ಬ್ರೆನ್ನರ್ ಹುಟ್ಟಿದ್ದು 1927ರ ಜನವರಿಯಲ್ಲಿ, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಪಕ್ಕದ ಜರ್ಮಿಸ್ಟನ್ ಎಂಬ ಊರಲ್ಲಿ. ಅಪ್ಪ ಲಿಥುವೇನಿಯಾದಿಂದ ವಲಸೆ ಬಂದವರು. ಚಪ್ಪಲಿ, ಬೂಟು ರಿಪೇರಿ ಅವರ ಕಸುಬು. ಓದು ಬರಹ ಬರುತ್ತಿರಲಿಲ್ಲ. ಮಗ ಮಾತ್ರ ಊರಿನ ಸಾರ್ವಜನಿಕ ಲೈಬ್ರರಿಯನ್ನೇ ಮನೆ ಮಾಡಿಕೊಂಡಿದ್ದ. ಹದಿನೈದನೇ ವಯಸ್ಸಿಗೇ, ಪುರಸಭೆ ಕೊಟ್ಟ ವಿದ್ಯಾರ್ಥಿವೇತನದಲ್ಲಿ, ಜೋಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯಕ್ಕೆ ಮೆಡಿಕಲ್ ಓದೋಕೆ ಸೇರಿದ. ಸ್ಟೇಷನ್ನಿಗೆ ಸೈಕಲ್, ಅಲ್ಲಿಂದ ರೈಲು, ಆಮೇಲೆ ನಡಿಗೆ.

ಸ್ವಲ್ಪ ಸಮಯದಲ್ಲೇ ಒಂದು ವಿಚಿತ್ರ ತೊಡಕು ಎದುರಾಯಿತು. ಕೋರ್ಸ್ ಆರು ವರ್ಷದ್ದು. ಹುಡುಗ ಎಲ್ಲೂ ಎಡವದೆ ಓದಿದರೆ ಇಪ್ಪತ್ತು ವರ್ಷಕ್ಕೇ ಮುಗಿಸಿಬಿಡ್ತಾನೆ, ಆ ವಯಸ್ಸಿಗೆ ಡಾಕ್ಟರಾಗಿ ಪ್ರಾಕ್ಟೀಸ್ ಮಾಡೋಕೆ ತೀರಾ ಚಿಕ್ಕವನಾಗ್ತಾನೆ! ಹಾಗಾಗಿ ನಡುವೆ ಅನಾಟಮಿ, ಫಿಸಿಯಾಲಜಿಯಲ್ಲಿ ಬಿಎಸ್ಸಿ ಮಾಡೋಕೆ ಅವಕಾಶ ಕೊಟ್ಟರು. ಅಂದ್ರೆ ಆ ವರ್ಷ ಮೇಲ್ನೋಟಕ್ಕೆ ಕಾಯುವ ಕೋಣೆ, ಅಷ್ಟೇ.

ಕಾಯುವ ಕೋಣೆಯಲ್ಲಿ ಆದದ್ದೇ ಬೇರೆ. ಅಲ್ಲಿ ಫಿಸಿಕಲ್ ಕೆಮಿಸ್ಟ್ರಿ, ಮೈಕ್ರೋಸ್ಕೋಪ್ ಬಳಕೆ, ನರಮಂಡಲದ ರಚನೆ ಕಲಿತ. ಒಂದು ವರ್ಷ ಸಾಲದೆ ಇನ್ನೆರಡು ವರ್ಷ ಉಳಿದು ಆನರ್ಸ್, ಆಮೇಲೆ 1947ರಲ್ಲಿ ಎಂಎಸ್ಸಿ ಮುಗಿಸಿದ. ಖರ್ಚಿಗೆ ಅದೇ ಕಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಅರೆಕಾಲಿಕ ಕೆಲಸ. ಪುಸ್ತಕದ ಕೊನೆಯಲ್ಲಿ ಉತ್ತರ ಇಲ್ಲದ ಪ್ರಶ್ನೆಗಳನ್ನು ಸ್ವಂತ ಕೈಯಿಂದ ಬಿಡಿಸಲು ಕಲಿತಿದ್ದು ಇಲ್ಲೇ.

ಮತ್ತೆ ಮೆಡಿಕಲ್‌ಗೆ ಮರಳಿದಾಗ ಅಷ್ಟೇನೂ ಮಿಂಚಲಿಲ್ಲ. ಅವರೇ ಹೇಳಿಕೊಂಡ ಕಥೆ ಇದೆ: ಫೈನಲ್ ಪರೀಕ್ಷೆಯಲ್ಲಿ ರೋಗಿಯ ಉಸಿರು ಮೂಸಿ ನೋಡು ಅಂದರಂತೆ. ಡಯಾಬಿಟೀಸ್‌ನಲ್ಲಿ ಬರುವ ಅಸಿಟೋನ್ ವಾಸನೆ ಹೇಳಬೇಕಿತ್ತು. ಇವರು ಟೂತ್‌ಪೇಸ್ಟ್ ವಾಸನೆ ಅಂದರು. ಫೇಲು! ಮತ್ತೆ ಕಟ್ಟಿ ಪಾಸಾಗಿ 1951ರಲ್ಲಿ ಡಾಕ್ಟರ್ ಆದರು. ಆದರೆ ಹೋಗಿದ್ದು ಆಸ್ಪತ್ರೆಗಲ್ಲ, ಸಂಶೋಧನೆಗೆ, ಆಕ್ಸ್‌ಫರ್ಡಿಗೆ. 1953ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜಿಗೆ ಹೋಗಿ ವಾಟ್ಸನ್, ಕ್ರಿಕ್ ಕಟ್ಟಿದ್ದ ಡಿಎನ್ಎ ಮಾದರಿಯನ್ನು ಮೊದಮೊದಲು ಕಂಡವರಲ್ಲಿ ಇವರೂ ಒಬ್ಬರು.

ಇಲ್ಲಿ ನಮ್ಮ ಐಟಿ ಮಂದಿಗೆ ಒಂದು ಕೊಂಡಿ. ಅದೇ ಜೋಹಾನ್ಸ್‌ಬರ್ಗಿನ ಗೆಳೆಯ ಸೀಮೋರ್ ಪೇಪರ್ಟ್. ಹೌದು, ಶಾಲೆಯಲ್ಲಿ ಆಮೆ ಓಡಿಸಿ ಆಡಿದ ಲೋಗೋ ಭಾಷೆ ಕಟ್ಟಿದವರಲ್ಲಿ ಒಬ್ಬರು. ತನ್ನನ್ನು ತಾನೇ ನಕಲು ಮಾಡುವ ಯಂತ್ರದ ಬಗ್ಗೆ ಫಾನ್ ನಾಯ್ಮನ್ ಬರೆದ ಲೇಖನವನ್ನು ಬ್ರೆನ್ನರ್‌ಗೆ ತೋರಿಸಿದ್ದು ಈ ಗೆಳೆಯನೇ. ಯಂತ್ರ ಬೇರೆ, ಯಂತ್ರದ ವಿವರಣೆ ಬೇರೆ. ವಿವರಣೆಯನ್ನು ಓದಬೇಕು, ಜೊತೆಗೆ ಹಾಗೇ ನಕಲೂ ಮಾಡಬೇಕು. ಡಿಎನ್ಎ ಆ ವಿವರಣೆ ಅನ್ನೋದು ಬ್ರೆನ್ನರ್‌ಗೆ ಸ್ಪಷ್ಟವಾಗಿ ಕಂಡಿತು. 1961ರಲ್ಲಿ ಆ ವಿವರಣೆಯನ್ನು ಹೊತ್ತು ಸಾಗಿಸುವ ಮೆಸೆಂಜರ್ ಆರ್‌ಎನ್ಎ ಇದೆ ಎಂದು ಜೇಕಬ್, ಮೆಸೆಲ್ಸನ್ ಜೊತೆ ಪ್ರಯೋಗದಿಂದ ತೋರಿಸಿದರು. ಆಮೇಲೆ ಒಂದು ಮಿಲಿಮೀಟರ್ ಉದ್ದದ ಹುಳು ಸಿ. ಎಲಿಗನ್ಸ್ ಹಿಡಿದರು. ಅದಕ್ಕಿರುವುದು 302 ನರಕೋಶ. ಆ ಕೋಶಗಳ ವೈರಿಂಗ್ ನಕ್ಷೆ ಇಡಿಯಾಗಿ 1986ರಲ್ಲಿ ಪ್ರಕಟವಾಯಿತು. 2002ರಲ್ಲಿ ಸಲ್ಸ್‌ಟನ್, ಹಾರ್ವಿಟ್ಜ್ ಜೊತೆ ನೊಬೆಲ್ ಬಂತು. ಮೈಕ್ರೋಸ್ಕೋಪ್, ನರಮಂಡಲ, ರಸಾಯನ: ಕಾಯುವ ಕೋಣೆಯಲ್ಲಿ ಕಲಿತದ್ದೆಲ್ಲ ಒಂದೇ ಹುಳುವಿನಲ್ಲಿ ಕೂಡಿಕೊಂಡವು.

ಈಗ ನೀವು ಕೇಳಬಹುದು: ಒಬ್ಬ ಗೆದ್ದವನ ಕಥೆ ಹೇಳಿ ಎಲ್ಲರೂ ಒಂದು ವರ್ಷ ಜಾಸ್ತಿ ಓದಿ ಅಂತೀರಾ? ಇಲ್ಲ. ಆ ವರ್ಷ ತಗೊಂಡ ಹೆಚ್ಚಿನವರು ಒಳ್ಳೆಯ ಡಾಕ್ಟರಾಗಿ ರೋಗಿಗಳನ್ನು ನೋಡ್ತಾರೆ, ಹುಳು ಹಿಡಿಯೋದಿಲ್ಲ. ಖರ್ಚೂ ಇದೆ: ಒಂದು ವರ್ಷದ ಫೀಸು, ಒಂದು ವರ್ಷದ ಸಂಬಳ. ಬ್ರಿಟನ್ನಿನಲ್ಲಿ ಮೊದಲು ಹೌಸ್ ಡಾಕ್ಟರ್ ಹುದ್ದೆ ಹಂಚುವಾಗ ಈ ಡಿಗ್ರಿಗೆ ಅಂಕ ಸಿಗುತ್ತಿತ್ತು. 2023ರಲ್ಲಿ ಕೆಲಸಕ್ಕೆ ಸೇರುವವರಿಂದ ಅದನ್ನು ತೆಗೆದರು. ದುಡ್ಡಿರುವ ಮನೆಯವರಿಗೇ ಈ ವರ್ಷ ಸುಲಭ, ಅವರಿಗೇ ಮತ್ತೆ ಅಂಕ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಅಂಕ ಹೋದ ಮೇಲೆ ಉಳಿದಿದ್ದು ಬರೀ ಕುತೂಹಲ. ಅದಕ್ಕೆ ದುಡ್ಡು ಕೊಡೋರು ಯಾರು?

ನಾನು ಎಂಟೆಕ್‌ಗೆ ಹೊರಟಾಗ ನಮ್ಮ ಸೋದರಮಾವ ಕೇಳಿದ್ದೂ ಅದನ್ನೇ: "ಎರಡು ವರ್ಷದ ಸಂಬಳ ಎಷ್ಟಾಗುತ್ತೆ ಲೆಕ್ಕ ಹಾಕಿದೀಯೇನೋ?" ಅವರ ಲೆಕ್ಕ ತಪ್ಪಿರಲಿಲ್ಲ. ಗೇಟ್ ಸ್ಟೈಪೆಂಡ್ ಇಲ್ಲದಿದ್ದರೆ ನಾನು ಹೋಗ್ತಾನೂ ಇರಲಿಲ್ಲ. ಬ್ರೆನ್ನರ್ ಕಥೆಯಲ್ಲಿ ಬುದ್ಧಿವಂತಿಕೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ಚಪ್ಪಲಿ ಹೊಲಿಯುವವರ ಮಗನಿಗೆ ಪುರಸಭೆಯ ವಿದ್ಯಾರ್ಥಿವೇತನ ಇತ್ತು, ಲ್ಯಾಬಿನಲ್ಲಿ ಸಂಬಳದ ಕೆಲಸ ಇತ್ತು. ಅವೆರಡೂ ಇಲ್ಲದಿದ್ದರೆ ಆ ಅಧಿಕ ವರ್ಷ ಇರುತ್ತಿರಲಿಲ್ಲ. ಟೂತ್‌ಪೇಸ್ಟ್ ವಾಸನೆ ಹಿಡಿಯುವ ಒಬ್ಬ ಸಾಧಾರಣ ಡಾಕ್ಟರ್ ಇರುತ್ತಿದ್ದರು.

ನಮ್ಮಲ್ಲಿ ಎಂಬಿಬಿಎಸ್ ಓದುವ ತಂಗಿ, ತಮ್ಮ, ಅಕ್ಕನ ಮಗ ಇರುವವರು ಬೇಕಾದಷ್ಟು ಜನ ಇದ್ದೀವಿ. ಅವರಲ್ಲಿ ಯಾರಾದರೂ ಒಂದು ವರ್ಷ ಲ್ಯಾಬಿನಲ್ಲಿ ಇದ್ದು ಬರ್ತೀನಿ ಅಂದರೆ, "ಟೈಮ್ ವೇಸ್ಟ್" ಅನ್ನುವ ಮೊದಲು ಆ ವರ್ಷದ ಬಾಡಿಗೆ, ಊಟದ ಖರ್ಚು ಎಷ್ಟಾಗುತ್ತೆ ಅಂತ ಒಮ್ಮೆ ಕೇಳಿ. ಕೆಲವು ಮನೆಗಳಲ್ಲಿ ಅದನ್ನು ಕೊಡುವ ಸ್ಥಿತಿಯಲ್ಲಿ ಇವತ್ತು ನಾವೇ ಇದ್ದೀವಿ.