ಕಟ್ಟಡ ಹೋಯಿತು, ಮಾಸ್ತರರು ಉಳಿದರು

ವೇಳಾಪಟ್ಟಿಯಲ್ಲಿ ಸಂಗೀತದ ತಾಸು ಇರುತ್ತದೆ, ಸಂಗೀತಕ್ಕೆಂದೇ ನೇಮಕವಾದ ಶಿಕ್ಷಕರು ಮಾತ್ರ ನಮ್ಮಲ್ಲಿಲ್ಲ. "ನಮಗೆಲ್ಲಿ ಕಂಠ ಐತ್ರಿ?" ಎಂದು ಆ ತಾಸಿನಲ್ಲಿ ಬಾಕಿ ಉಳಿದ ಗಣಿತ ಮುಗಿಸುವುದು ವಾಡಿಕೆ. ನಾವೂ ಹಲವು ವರ್ಷ ಹಾಗೆಯೇ ಮಾಡಿದೆವು. ಆದರೆ ಹಾಡನ್ನು ತರಗತಿಯಲ್ಲಿ ಕೂಡ್ರಿಸಿ ಕಲಿಸಬಹುದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟ ಮನುಷ್ಯ ನಮ್ಮ ಜತ್ತ ಇರುವ ಸಾಂಗಲಿ ಜಿಲ್ಲೆಯ ಮಿರಜಿನಲ್ಲೇ ಹಾಡು ಕಲಿತವರು. ಇದು ತಿಳಿದ ಮೇಲೆ ನಮಗೆ ಸ್ವಲ್ಪ ನಾಚಿಕೆಯಾಯಿತು.

ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದರು. ತಂದೆ ಕೀರ್ತನಕಾರರು. ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು, ಶಾಲೆಯ ಓದು ನಿಂತಿತು. ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರಾದರು. ಗ್ವಾಲಿಯರಿನ ಗಾಯಕಿಯನ್ನು ಈ ಕಡೆಗೆ ತಂದವರು ಈ ಬುವಾ. ಆ ಕಾಲದಲ್ಲಿ ಗುರುವಿನ ಮನೆಯಲ್ಲಿದ್ದು, ಸೇವೆ ಮಾಡಿ, ಕೇಳಿ ಕೇಳಿಯೇ ಕಲಿಯಬೇಕು. ಹಾಗೆ ಕಲಿತವರು ದೊಡ್ಡ ಗಾಯಕರಾದದ್ದು ನಿಜ. ಆದರೆ ಒಬ್ಬ ಗುರುವಿನ ಕೈಯಲ್ಲಿ ತಯಾರಾಗುವ ಶಿಷ್ಯರು ಎಷ್ಟು ಜನ? ಉಳಿದ ಮಕ್ಕಳ ಗತಿ ಏನು?

1896ರಲ್ಲಿ ಪಲುಸ್ಕರರು ಮಿರಜ ಬಿಟ್ಟು ಉತ್ತರಕ್ಕೆ ಹೊರಟರು. 1901ರ ಮೇ 5ರಂದು, ಇಂದು ಪಾಕಿಸ್ತಾನದಲ್ಲಿರುವ ಲಾಹೋರಿನಲ್ಲಿ, ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅಲ್ಲಿ ತರಗತಿ, ಪಠ್ಯಕ್ರಮ, ಪರೀಕ್ಷೆ ಎಲ್ಲವೂ ಇದ್ದವು. ಮಕ್ಕಳಿಗಾಗಿ 'ಸಂಗೀತ ಬಾಲಪ್ರಕಾಶ'ದಂಥ ಪುಸ್ತಕಗಳನ್ನು ಬರೆದರು, ತಮ್ಮದೇ ಸ್ವರಲಿಪಿ ರೂಪಿಸಿದರು. ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಮನೆಗಳವರು ಧೈರ್ಯದಿಂದ ಮಕ್ಕಳನ್ನು ಕಳಿಸಲೆಂದು ಶೃಂಗಾರದ ಚೀಜುಗಳ ಜಾಗದಲ್ಲಿ ಭಕ್ತಿಪದಗಳನ್ನು ಇಟ್ಟರು.

ಇವೆಲ್ಲಕ್ಕಿಂತ ದೊಡ್ಡ ಕೆಲಸ 'ಉಪದೇಶಕ ವರ್ಗ' ಎಂದು ನಮಗನಿಸುತ್ತದೆ. ಅದು ಗಾಯಕರಿಗಲ್ಲ, ಸಂಗೀತ ಕಲಿಸುವ ಮಾಸ್ತರರಿಗಾಗಿ ಇದ್ದ ವರ್ಗ. ಆ ವಿದ್ಯಾರ್ಥಿಗಳಿಗೆ ಊಟ ವಸತಿ ಅಲ್ಲಿಯೇ. ಹಲವು ವರ್ಷ ಇದ್ದು ತಾವೂ ಕಲಿಯಬೇಕು, ಕಿರಿಯರಿಗೂ ಕಲಿಸಬೇಕು. ನಮ್ಮ ಟಿ.ಸಿ.ಎಚ್.ನ ಪಾಠಾಭ್ಯಾಸ ನೆನಪಾಯಿತಲ್ಲವೇ? ಹೀಗೆ ತಯಾರಾದ ಓಂಕಾರನಾಥ ಠಾಕೂರರು ಇಪ್ಪತ್ತು ತುಂಬುವ ಮೊದಲೇ, 1916ರಲ್ಲಿ, ಲಾಹೋರಿನ ಶಾಲೆಯ ಪ್ರಾಚಾರ್ಯರಾದರು!

1908ರಲ್ಲಿ ಮುಂಬಯಿಯಲ್ಲೂ ವಿದ್ಯಾಲಯ ಶುರುವಾಯಿತು. ಅದಕ್ಕಾಗಿ ಕಟ್ಟಿಸಿದ ಕಟ್ಟಡದ ಸಾಲ ತೀರದೆ 1920ರ ದಶಕದಲ್ಲಿ ಅದು ಹರಾಜಾಯಿತು. ಪಲುಸ್ಕರರು 1931ರಲ್ಲಿ ಮಿರಜಿನಲ್ಲೇ ತೀರಿಕೊಂಡರು. ಕಟ್ಟಡ ಹೋಯಿತು, ಆದರೆ ಅವರ ಶಿಷ್ಯರು ಉಳಿದರು. ಅದೇ ವರ್ಷ ಶಿಷ್ಯರೆಲ್ಲ ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲ ಕಟ್ಟಿದರು. ವಿನಾಯಕರಾವ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಶಾಲೆ ತೆರೆದರು. ಬಿ.ಆರ್. ದೇವಧರರು ಅದಕ್ಕೂ ಮೊದಲೇ, 1925ರಲ್ಲಿ, ಮುಂಬಯಿಯಲ್ಲಿ ಶಾಲೆ ಆರಂಭಿಸಿದ್ದರು. ಬೆಳಗಾವಿ ಹತ್ತಿರದ ಸುಳೇಭಾವಿಯ ಕನ್ನಡದ ಹುಡುಗ ಶಿವಪುತ್ರ ಕೋಮಕಾಳಿಮಠ ಕಲಿತದ್ದು ಈ ದೇವಧರರ ಬಳಿ. ಮುಂದೆ ಅವರೇ ಕುಮಾರ ಗಂಧರ್ವರು.

ಈ ಕಥೆಯಿಂದ ನಮ್ಮ ತರಗತಿಗೆ ಏನು ಸಿಕ್ಕಿತು? ನಾವಿಬ್ಬರು ಶಿಕ್ಷಕರು ನಲವತ್ತು ದಾಟಿದ ಮೇಲೆ ಮಂಡಲದ ಪ್ರಾರಂಭಿಕ ಪರೀಕ್ಷೆಗೆ ಹುಡುಗರ ಪಕ್ಕದಲ್ಲಿ ಕೂತೆವು. ಕಲಿಯುತ್ತಲೇ ಕಲಿಸಬಹುದೆಂಬ ಧೈರ್ಯ ಬಂತು. ಅನುಭವದಿಂದ ತಿಳಿದ ನಾಲ್ಕು ಮಾತು ಇಲ್ಲಿವೆ.

ಒಂದು, ಮೊದಲು ಕೇಳಿಸಬೇಕು, ಆಮೇಲೆ ಹಾಡಿಸಬೇಕು. ಒಂದೊಂದೇ ಸಾಲು ಸಾಕು.

ಎರಡು, ಗಂಡಸರ ಷಡ್ಜಕ್ಕೆ ಮಕ್ಕಳ ದನಿ ಇಳಿಯುವುದಿಲ್ಲ. ಹಾರ್ಮೋನಿಯಂ ಮೇಲೆ ಮಕ್ಕಳಿಗೆ ಹೊಂದುವ ಷಡ್ಜ ಹುಡುಕಬೇಕು. ಏಳನೆಯ, ಎಂಟನೆಯ ತರಗತಿಗಳಲ್ಲಿ ದನಿ ಒಡೆಯುವ ಹುಡುಗರನ್ನು ಎತ್ತರಕ್ಕೆ ಎಳೆಯಬಾರದು, ಅವರಿಗೆ ತಾಳ ಕೊಡಬೇಕು.

ಮೂರು, ಹಲಗೆಯ ಮೇಲೆ ಒಂದೇ ಸ್ವರಲಿಪಿ ಬಳಸಬೇಕು. ಸ್ವರದ ಮೇಲೆ ಚುಕ್ಕೆ ಇಟ್ಟರೆ ಪಲುಸ್ಕರ ಪದ್ಧತಿಯಲ್ಲಿ ಮಂದ್ರ, ಭಾತಖಂಡೆ ಪದ್ಧತಿಯಲ್ಲಿ ತಾರ! ಎರಡನ್ನೂ ಬೆರೆಸಿದರೆ ಮಕ್ಕಳು ಕಂಗೆಡುತ್ತಾರೆ.

ನಾಲ್ಕು, ಬಂದ ಮಗುವಿನಿಂದ ಬಾರದ ಮಗುವಿಗೆ ಕಲಿಸಬೇಕು. ಇದೇ ನಮ್ಮ ಪುಟ್ಟ ಉಪದೇಶಕ ವರ್ಗ.

ನಮ್ಮ ಮಕ್ಕಳು ಸಂತೆಯಲ್ಲಿ ಮರಾಠಿ ಆಡುತ್ತಾರೆ, ಟಿ.ವಿ.ಯಲ್ಲಿ ಹಿಂದಿ ಕೇಳುತ್ತಾರೆ. ಕನ್ನಡ ಓದಲು ತೊದಲುವ ಮಗುವೂ ವಚನವನ್ನು ರಾಗದಲ್ಲಿ ಕಲಿತರೆ ಮಾತು ಬಿಡದೆ ಹೇಳುತ್ತದೆ. ಇದನ್ನು ನಾವು ನಮ್ಮ ತರಗತಿಯಲ್ಲೇ ಕಂಡಿದ್ದೇವೆ. ಗಡಿಯಲ್ಲಿ ಸಂಗೀತದ ತಾಸೆಂದರೆ ಕನ್ನಡದ ತಾಸೂ ಹೌದು. ಸಂಗೀತ ಶಿಕ್ಷಕರ ನೇಮಕಾತಿಗೆ ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಆ ತಾಸನ್ನು ಗಣಿತಕ್ಕೆ ಕೊಡುವುದು ಬೇಡ.

ಕಂಠ ಇಲ್ಲವೆಂಬ ನೆವ ಬಿಡೋಣ, ಶಿಕ್ಷಕ ಬಂಧುಗಳೇ. ನಾಳೆ ಪ್ರಾರ್ಥನೆಯಾದ ಮೇಲೆ ಒಂದು ಸಾಲು ಹಾಡಿ ನೋಡಿ. ಮುಂದಿನದನ್ನು ಮಕ್ಕಳೇ ಹಾಡುತ್ತಾರೆ.