ಹಳೆಯ ಗೇಮಿಗೆ ಎಷ್ಟು ಕೊಡಬಹುದು?

ದಕ್ಷಿಣ ಬೆಂಗಳೂರಿನವರು ವಿಡಿಯೋ ಗೇಮಿಗೆ ದುಡ್ಡು ಬಿಚ್ಚಲಿಲ್ಲ ಎಂದರೆ ತಪ್ಪಾಗುತ್ತದೆ. ಬಿಚ್ಚಿದ್ದೇವೆ, ಆದರೆ ಗೇಮಿಗಲ್ಲ, ಗಂಟೆಗೆ. ತೊಂಬತ್ತರ ದಶಕದಲ್ಲಿ ಜಯನಗರ, ಬನಶಂಕರಿಯ ಅಡ್ಡರಸ್ತೆಗಳ ಪಾರ್ಲರುಗಳಲ್ಲಿ ಟಿವಿಗೆ ಸಿಕ್ಕಿಸಿದ್ದ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಫ್ಯಾಮಿಕಾಮ್‌ನ ನಕಲುಗಳೇ. ಅಸಲಿಯನ್ನು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದಿತ್ತು. ನಕಲಿ ಡಬ್ಬಿಯೊಳಗೆ ತೂರಿಸುವ ಕ್ಯಾಸೆಟ್ಟಿನಲ್ಲಿ 9999999 ಆಟಗಳಿವೆ ಎಂದು ಪರದೆಯ ಮೇಲೆ ಬರುತ್ತಿತ್ತು. ನಿಜಕ್ಕೂ ಇದ್ದದ್ದು ಮಾರಿಯೋ, ಕಾಂಟ್ರಾ, ಟ್ಯಾಂಕಿನ ಆಟ ಬ್ಯಾಟಲ್ ಸಿಟಿ, ಇನ್ನೊಂದಿಷ್ಟು. ಅವೇ ಬೇರೆ ಬೇರೆ ಲೆವೆಲ್ಲಿನಿಂದ ಶುರುವಾಗುತ್ತಿದ್ದವು.

ಆಮೇಲೆ ಸೈಬರ್ ಸೆಂಟರುಗಳ ಕಾಲ. ಜೆ.ಪಿ. ನಗರ, ಬಿಟಿಎಂನಲ್ಲಿ ಕೌಂಟರ್ ಸ್ಟ್ರೈಕಿಗೂ ಗಂಟೆ ಲೆಕ್ಕವೇ. ಮನೆಯಲ್ಲಿ ಪ್ಲೇಸ್ಟೇಷನ್ 2 ಇದ್ದವರು ಚಿಪ್ ಹಾಕಿಸಿ ನಕಲಿ ಡಿಸ್ಕ್ ಆಡಿದರು. ಇದೇ ಊರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾಗಿ ಹೊರದೇಶದ ಗೇಮುಗಳಿಗೆ ಕೆಲಸ ಮಾಡುತ್ತಿತ್ತು ಎನ್ನುವುದು ಆಡುವ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ! ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ 2015ರಲ್ಲಿ ರೂಪಾಯಿ ಬೆಲೆ ಹಾಕಿದ ಮೇಲೆಯೇ ಅಸಲಿ ಗೇಮು ಇಲ್ಲಿನ ಮಧ್ಯಮವರ್ಗದ ಕೈಗೆ ಎಟುಕಿದ್ದು.

ಈಗ ಅದೇ ಹುಡುಗರು ನಲವತ್ತರ ಆಸುಪಾಸಿನಲ್ಲಿದ್ದಾರೆ, ಕೈಯಲ್ಲಿ ಸಂಬಳವಿದೆ, ಹಳೆಯದು ಬೇಕೆನಿಸುತ್ತದೆ. ಆದರೆ ಬೇಕಾದದ್ದೆಲ್ಲ ಸಿಗದು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಗೇಮುಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ನಮ್ಮವರು ಮುಗಿಬಿದ್ದು ಆಡಿದ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಆ ಪಟ್ಟಿಗೇ ಸೇರಬೇಕಾದದ್ದು. ಅಭಿಮಾನಿಗಳು ಇಂದಿಗೂ ಅದಕ್ಕೆ ಹೊಸ ಐಪಿಎಲ್ ತಂಡಗಳನ್ನು ಜೋಡಿಸುತ್ತಿದ್ದಾರೆ, ಕಂಪನಿ ಮಾತ್ರ ಮಾರುತ್ತಿಲ್ಲ.

ಸಿಗುವುದರಲ್ಲಿ ನನ್ನ ಮೊದಲ ಓಟು ಏಜ್ ಆಫ್ ಎಂಪೈರ್ಸ್ 2ಕ್ಕೆ. 1999ರ ಆಟ, 2019ರಲ್ಲಿ ಚಿತ್ರವೆಲ್ಲ ಹೊಸದಾಗಿ ಬರೆಸಿಕೊಂಡು ಬಂತು. 2022ರಲ್ಲಿ ದ್ರಾವಿಡರೂ ಸೇರಿದರು, ರಾಜೇಂದ್ರ ಚೋಳನ ದಂಡಯಾತ್ರೆಯೂ ಇದೆ. ಕೊಟ್ಟ ಹಣಕ್ಕೆ ಕೆಲಸ ನಡೆದಿದೆ. 2019ರ ಕಾಂಟ್ರಾ ಸಂಗ್ರಹವೂ ತೆಗೆದುಕೊಳ್ಳುವಂಥದ್ದೇ, ನಡುವೆ ಸೇವ್ ಮಾಡಬಹುದು, ಮೂವತ್ತು ಲೈಫಿನ ಕೋಡು ಮರೆತಿದ್ದರೂ ನಡೆಯುತ್ತದೆ. ಜಿಟಿಎ ವೈಸ್ ಸಿಟಿಯ ವಿಚಾರ ಬೇರೆ. 2021ರ ಹೊಸ ಆವೃತ್ತಿ ಎಷ್ಟು ದೋಷಗಳೊಂದಿಗೆ ಬಂತೆಂದರೆ ಅದರ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಬೇಕಾಯಿತು. ಕಾರಿನ ರೇಡಿಯೋದಲ್ಲಿ ಬರುತ್ತಿದ್ದ ಮೈಕಲ್ ಜಾಕ್ಸನ್ನನ 'ಬಿಲ್ಲಿ ಜೀನ್' ಕೂಡ ಅದರಲ್ಲಿಲ್ಲ. ಪೂರ್ತಿ ಬೆಲೆಗೆ ಖಂಡಿತ ಬೇಡ. (ಆ ರಾಕ್‌ಸ್ಟಾರೇ 2019ರಲ್ಲಿ ಧ್ರುವವನ್ನು ಕೊಂಡಿತು.)

ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2 ಕೊಳ್ಳುವವರು ಮಾರುವವರ ಎದುರೇ ಡಿಸ್ಕ್ ಹಾಕಿ ಓಡಿಸಿ ನೋಡಿ, ಲೆನ್ಸ್ ಸವೆದಿದ್ದರೆ ಲೋಡಿಂಗಿನಲ್ಲೇ ನಿಂತುಬಿಡುತ್ತದೆ. ಕ್ಯಾಸೆಟ್ಟಿನ ಪಿನ್ನುಗಳಿಗೆ ಉಫ್ ಎಂದು ಊದಬೇಡಿ, ಬಾಯಿಯ ತೇವದಿಂದ ತುಕ್ಕು ಹಿಡಿಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಬಾತುಕೋಳಿ ಹೊಡೆಯುವ ಡಕ್ ಹಂಟ್‌ಗೆಂದು ಹಳೆಯ ಬಂದೂಕು ಕೊಳ್ಳುವ ಮೊದಲಂತೂ ಯೋಚಿಸಿ. ಕುದುರೆ ಒತ್ತಿದೊಡನೆ ಪರದೆ ಕಪ್ಪಾಗಿ, ಬಾತುಕೋಳಿಯಿದ್ದ ಜಾಗ ಬಿಳಿಯಾಗುತ್ತದೆ. ಆ ಬೆಳಕನ್ನು ಬಂದೂಕು ಕಾಣಬೇಕು. ಟ್ಯೂಬ್ ಟಿವಿಯ ಗೆರೆಗಳ ವೇಗಕ್ಕೆ ಹೊಂದಿಸಿದ ಲೆಕ್ಕ ಅದು, ಎಲ್‌ಇಡಿ ಟಿವಿಯಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಟ್ಯೂಬ್ ಟಿವಿ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.