ಸಂದರ್ಭವೋ ಸಬೂಬೋ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಓದಿದವರಿಗೆ ಮರೆಯದ ಪ್ರಶ್ನೆಯೊಂದಿದೆ: ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಪಾಠದಿಂದಲೋ ಪದ್ಯದಿಂದಲೋ ಒಂದು ಮಾತನ್ನು ಕಿತ್ತು ಕೊಟ್ಟಿರುತ್ತಾರೆ. ಅದು ಎಲ್ಲಿಂದ ಬಂದದ್ದು, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂದು ಮೊದಲು ಬರೆಯಬೇಕು. ಸ್ವಾರಸ್ಯದ ಸರದಿ ಆಮೇಲೆ. ದುರ್ಯೋಧನನ ಮಾತನ್ನು ಭೀಮನ ಬಾಯಿಗೆ ಹಾಕಿದ ಹುಡುಗ ಸ್ವಾರಸ್ಯವನ್ನು ಪುಟಗಟ್ಟಲೆ ಬರೆದರೂ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಈ ಅಭ್ಯಾಸವನ್ನು ನಾವು ಗೈಡಿನ ಜೊತೆಗೇ ರದ್ದಿಗೆ ಹಾಕಿಬಿಡುತ್ತೇವೆ. ಇನ್ನೊಂದು ಧರ್ಮದ ಗ್ರಂಥದಿಂದ ಒಂದು ಸಾಲು ಎತ್ತಿಕೊಂಡು ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿ: ಸ್ವಾರಸ್ಯ ಧಾರಾಳವಾಗಿರುತ್ತದೆ, ಸಂದರ್ಭದ ಜಾಗ ಖಾಲಿ.

ಸಂದರ್ಭ ಸಂಸ್ಕೃತದ ಪದ. ಅದರ ಬೇರಿನಲ್ಲಿರುವ ‘ದೃಭ್’ ಧಾತುವಿಗೆ ಪೋಣಿಸು, ಹೆಣೆ ಎಂಬ ಅರ್ಥ. ಒಟ್ಟಾಗಿ ಪೋಣಿಸಿದ್ದು ಸಂದರ್ಭ. ಅಲ್ಲಿಂದ ಮುಂದೆ ಅದು ಪ್ರಬಂಧಕ್ಕೂ ಕೃತಿಗೂ ಹೆಸರಾಯಿತು. 16ನೇ ಶತಮಾನದ ಗೌಡೀಯ ವೈಷ್ಣವ ಪಂಡಿತ ಜೀವ ಗೋಸ್ವಾಮಿಯ ಆರು ಗ್ರಂಥಗಳಿಗೆ ಷಟ್ ಸಂದರ್ಭ ಎಂದೇ ಹೆಸರು. ಕನ್ನಡಕ್ಕೆ ಬಂದ ಮೇಲೆ ಪದ ವೇಳೆ, ಪ್ರಸಂಗ ಎಂಬ ಅರ್ಥಗಳಲ್ಲಿ ನೆಲೆಯೂರಿತು. ಸಮಯ ಸಂದರ್ಭ ನೋಡಿ ಮಾತಾಡು ಎಂದು ಹಿರಿಯರು ಗದರುತ್ತಾರೆ. ಸರ್ಕಾರಿ ನೌಕರ ಸಾಂದರ್ಭಿಕ ರಜೆ ಹಾಕುತ್ತಾನೆ. ಪತ್ರಿಕೆಗಳು ಸಾಂದರ್ಭಿಕ ಚಿತ್ರ ಅಚ್ಚು ಹಾಕುತ್ತವೆ. ಈ ಚಿತ್ರಕ್ಕೂ ಈ ಸುದ್ದಿಗೂ ಸಂಬಂಧವಿಲ್ಲ ಎಂದು ಹೇಳುವ ಸಭ್ಯ ದಾರಿ ಅದು. ಪದವೊಂದು ತನ್ನ ಅರ್ಥಕ್ಕೇ ಬೆನ್ನು ತಿರುಗಿಸಿ ಇಷ್ಟು ನಿರಾಳವಾಗಿ ಬದುಕಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಯಾರು ಯಾರಿಗೆ ಹೇಳಿದರು’ ಎಂಬ ಪ್ರಾಥಮಿಕ ಶಾಲೆಯ ಪ್ರಶ್ನೆಯೊಂದೇ ಸಾಕು, ಎಷ್ಟೋ ಜಗಳಗಳ ಗಾಳಿ ಇಳಿಯುತ್ತದೆ. ಲೂಕನ ಸುವಾರ್ತೆಯ 19ನೇ ಅಧ್ಯಾಯದ 27ನೇ ವಚನದಲ್ಲಿ, ತನ್ನ ಆಳ್ವಿಕೆ ಬೇಡವೆಂದ ವೈರಿಗಳನ್ನು ಎದುರಿಗೇ ತಂದು ಕೊಲ್ಲಿರಿ ಎಂಬ ಅಪ್ಪಣೆ ಬರುತ್ತದೆ. ಯೇಸು ಹೀಗೆ ಆಜ್ಞಾಪಿಸಿದ್ದಾನೆ ಎಂದು ಇದನ್ನು ತೋರಿಸುವವರಿದ್ದಾರೆ. ಅದು ಯೇಸು ಹೇಳಿದ ಸಾಮತಿಯೊಳಗಿನ, ಅಂದರೆ ದೃಷ್ಟಾಂತ ಕಥೆಯೊಳಗಿನ, ಒಬ್ಬ ರಾಜನ ಮಾತು. ಆ ರಾಜ ಯಾರನ್ನು ಸೂಚಿಸುತ್ತಾನೆ ಎಂಬ ಚರ್ಚೆ ಕ್ರೈಸ್ತರಲ್ಲೇ ಇದೆ, ಇರಲಿ. ಆದರೆ ಕೇಳುತ್ತಿದ್ದ ಶಿಷ್ಯರಿಗೆ ಕತ್ತಿ ಹಿಡಿಯಿರಿ ಎಂದು ಕೊಟ್ಟ ಅಪ್ಪಣೆಯಂತೂ ಅದಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಹೆಮ್ಮೆಯ ಮಾತಿಗೂ ಹಾಕೋಣ. ‘ವಸುಧೈವ ಕುಟುಂಬಕಂ’ 2023ರಲ್ಲಿ ಭಾರತದ ಜಿ20 ಅಧ್ಯಕ್ಷತೆಯ ಘೋಷವಾಕ್ಯವಾಗಿತ್ತು. ಮಹೋಪನಿಷತ್ತಿನಲ್ಲಿ ಅದು ಜ್ಞಾನಿಯ ಲಕ್ಷಣ. ಹಿತೋಪದೇಶದಲ್ಲಿ ಅದೇ ಶ್ಲೋಕವನ್ನು ಹೇಳುವುದು ಒಂದು ನರಿ. ಕೊಬ್ಬಿದ ಜಿಂಕೆಯನ್ನು ತಿನ್ನುವ ಆಸೆಯಿಂದ ಸ್ನೇಹ ಬೆಳೆಸಲು ಬಂದ ನರಿ. ಅಪರಿಚಿತನನ್ನು ನಂಬಬೇಡ ಎಂದು ಎಚ್ಚರಿಸಿದ ಕಾಗೆಯ ಬಾಯಿ ಮುಚ್ಚಿಸಲು ಅದು ಈ ಉದಾತ್ತ ಮಾತು ಬಳಸುತ್ತದೆ. ನಾಳೆ ಪರದೇಶದವನೊಬ್ಬ ಈ ಕಥೆಯನ್ನಷ್ಟೇ ಓದಿ, ಹಿಂದೂಗಳ ವಿಶ್ವಬಂಧುತ್ವ ನರಿಯ ಬುದ್ಧಿ ಎಂದು ಬರೆದರೆ ನಮಗೆ ಎಷ್ಟು ಉರಿಯುತ್ತದೆ! ಉಪನಿಷತ್ತನ್ನೂ ನೋಡಯ್ಯ ಎನ್ನುತ್ತೇವೆ. ಹಾಗೆ ಹೇಳಲು ನಮಗೆ ಹಕ್ಕಿದೆ. ಆ ಹಕ್ಕು ನಮಗೊಬ್ಬರಿಗೇ ಬರೆದುಕೊಟ್ಟದ್ದಲ್ಲ ಎಂಬಲ್ಲಿಗೆ ಬಂದಾಗ ತೊಡಕು ಶುರುವಾಗುತ್ತದೆ.

ಕುರ್‌ಆನಿನ 9ನೇ ಅಧ್ಯಾಯದ 5ನೇ ಸೂಕ್ತ ನಮ್ಮ ದೇಶದಲ್ಲಿ ಅತಿ ಹೆಚ್ಚು ಕಿತ್ತು ಹಂಚಲ್ಪಟ್ಟ ವಾಕ್ಯಗಳಲ್ಲೊಂದು. ಪವಿತ್ರ ತಿಂಗಳುಗಳು ಕಳೆದ ಮೇಲೆ ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲುವ ಮಾತು ಅಲ್ಲಿದೆ, ಇಲ್ಲವೆನ್ನುವುದು ಬೇಡ. ಆದರೆ 4ನೇ ಸೂಕ್ತ, ಒಪ್ಪಂದಕ್ಕೆ ನಿಷ್ಠರಾಗಿ ಉಳಿದವರನ್ನು ಹೊರಗಿಡುತ್ತದೆ. 6ನೆಯದು, ಅವರಲ್ಲೊಬ್ಬ ಆಶ್ರಯ ಕೇಳಿದರೆ ಕೊಟ್ಟು, ಅವನಿಗೆ ಕ್ಷೇಮವಾದ ಜಾಗಕ್ಕೆ ಮುಟ್ಟಿಸಬೇಕೆನ್ನುತ್ತದೆ. 13ನೆಯದು, ಆಣೆ ಮುರಿದು ಮೊದಲು ಕೈ ಎತ್ತಿದವರ ಪ್ರಸ್ತಾಪ. ಸಾಂಪ್ರದಾಯಿಕ ವಿವರಣೆಯಂತೆ ಇದು ಸುಮಾರು 631ರ ಹಜ್‌ನಲ್ಲಿ, ಅರೇಬಿಯದ ಕೆಲವು ಬುಡಕಟ್ಟುಗಳ ಜೊತೆಗಿನ ಕರಾರು ಕೊನೆಗೊಳಿಸುವಾಗ ಸಾರಿದ್ದು. ನಾಲ್ಕೂ ಸೂಕ್ತಗಳನ್ನು ಓದಿದ ಮೇಲೆ ‘ಕಂಡ ಅನ್ಯಧರ್ಮೀಯರನ್ನೆಲ್ಲ’ ಎಂಬ ಅರ್ಥ ನಿಲ್ಲುವುದಿಲ್ಲ.

ಯಾವ ಸೂಕ್ತ ಯಾವ ಸನ್ನಿವೇಶದಲ್ಲಿ ಅವತೀರ್ಣವಾಯಿತು ಎಂದು ಹೇಳುವ ಶಾಸ್ತ್ರವೇ ಮುಸ್ಲಿಮರಲ್ಲಿದೆ, ಹೆಸರು ಅಸ್ಬಾಬುನ್ನುಝೂಲ್. ‘ಅಸ್ಬಾಬ್’ ಎಂಬುದು ‘ಸಬಬ್’ನ ಬಹುವಚನ. ಸಬಬ್ ಎಂದರೆ ಕಾರಣ. ಈ ಅರಬಿ ಪದ ಪಾರಸಿ, ಹಿಂದೂಸ್ತಾನಿ, ಮರಾಠಿಗಳ ಸಹವಾಸದಲ್ಲಿ ನಮ್ಮಲ್ಲಿಗೂ ಬಂತು. ಬಂದು ಏನಾಯಿತು? ಸಬೂಬು ಆಯಿತು! ಕೆಲಸಕ್ಕೆ ಬಾರದವನು ಹೇಳುವ ನೆಪ. ಕಾರಣ ನೆಪವಾಗಲು ದಾರಿ ಎಷ್ಟು ಹತ್ತಿರ ಎಂಬುದು ಕನ್ನಡದ ಅನುಭವಕ್ಕೆ ಬಂದಿರಬೇಕು.

ಧರ್ಮಗ್ರಂಥಗಳ ವಿಷಯದಲ್ಲೂ, ಬೇಡವಾದದ್ದನ್ನು ಬಚ್ಚಿಟ್ಟಾಗ ಸಬಬ್ಬು ಸಬೂಬಾಗುತ್ತದೆ. 9:5ನ್ನು ಸಂದರ್ಭಕ್ಕೆ ಕಟ್ಟಿ ಓದುವವರಿರುವಂತೆಯೇ, ಅದು ಹಿಂದಿನ ಎಷ್ಟೋ ಸಹನೆಯ ಸೂಕ್ತಗಳನ್ನು ರದ್ದು ಮಾಡಿತು ಎಂದ ಪ್ರಾಚೀನ ವ್ಯಾಖ್ಯಾನಕಾರರೂ ಇದ್ದಾರೆ. ಸಂದರ್ಭದ ಮಾತೆತ್ತಿದ ಮೇಲೆ ಇದನ್ನು ಬಚ್ಚಿಡುವಂತಿಲ್ಲ. ಇನ್ನು, ಒಬ್ಬನನ್ನು ಕೊಂದರೆ ಮನುಕುಲವನ್ನೇ ಕೊಂದಂತೆ ಎಂದು ಸರ್ವಧರ್ಮ ಸಭೆಗಳಲ್ಲಿ ಉಲ್ಲೇಖವಾಗುವ 5:32. ಆ ಮಾತು ಇಸ್ರಾಯೇಲ್ ಸಂತತಿಗೆ ವಿಧಿಸಿದ್ದೆಂದು ಹೇಳುತ್ತ ಶುರುವಾಗುತ್ತದೆ. ಕೊಲೆಗಾರನನ್ನೂ ನಾಡಿನಲ್ಲಿ ಕ್ಷೋಭೆ ಎಬ್ಬಿಸುವವನನ್ನೂ ಆ ರಕ್ಷಣೆಯಿಂದ ಹೊರಗಿಡುತ್ತದೆ. ಮುಂದಿನ ಸೂಕ್ತದಲ್ಲಿ ಕಠೋರ ಶಿಕ್ಷೆಗಳಿವೆ. ಹೊಗಳಲು ಬಂದವರೂ ಕಿತ್ತೇ ತಂದಿರುತ್ತಾರೆ. ವೇದಿಕೆಯ ಮೇಲಿರುವುದರಿಂದ ಯಾರೂ ಕೇಳುವುದಿಲ್ಲ.

ಮನುಸ್ಮೃತಿಯ ಪಾಡೂ ಇದೇ. ಸ್ತ್ರೀಯರು ಪೂಜೆಗೊಳ್ಳುವಲ್ಲಿ ದೇವತೆಗಳು ನಲಿಯುತ್ತಾರೆ ಎಂಬ 3ನೇ ಅಧ್ಯಾಯದ 56ನೇ ಶ್ಲೋಕವನ್ನು ಒಂದು ಗುಂಪು ಹಿಡಿದುಕೊಂಡಿದೆ, ಸ್ತ್ರೀ ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಎಂಬ 9ನೇ ಅಧ್ಯಾಯದ 3ನೆಯದನ್ನು ಇನ್ನೊಂದು. ಸಂದರ್ಭ ನೋಡಿ ಎಂದು ಮೊದಲ ಗುಂಪಿನವರು ಹೇಳುವುದುಂಟು. ನೋಡೋಣ. 56ರ ಹಿಂದೆಮುಂದೆ ಇರುವುದು, ಏಳಿಗೆ ಬಯಸುವ ತಂದೆ, ಸೋದರ, ಗಂಡ, ಮೈದುನರು ಮನೆಯ ಹೆಣ್ಣುಮಕ್ಕಳನ್ನು ಹಬ್ಬಹುಣ್ಣಿಮೆಗಳಲ್ಲಿ ಒಡವೆ, ಬಟ್ಟೆ, ಊಟದಿಂದ ಆದರಿಸಬೇಕೆಂಬ ಉಪದೇಶ. 9:3ರ ಸುತ್ತ ಇರುವುದು ಹೆಂಗಸನ್ನು ಹಗಲಿರುಳೂ ಅಂಕೆಯಲ್ಲಿಡಬೇಕೆಂಬ ಮಾತು. ಇಲ್ಲಿ ಸಂದರ್ಭ ಓದಿದಷ್ಟೂ ಮೊದಲ ಶ್ಲೋಕದ ಹೊಳಪು ಕುಗ್ಗುತ್ತದೆ, ಎರಡನೆಯದರ ಬಿಗಿ ಹೆಚ್ಚುತ್ತದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದ ಸಮಾವೇಶ ಮನುಸ್ಮೃತಿಯನ್ನು ಸುಟ್ಟಿತು. ಒಂದು ಶ್ಲೋಕ ಕಿತ್ತು ಸಿಟ್ಟಾದವರು ಅಂಬೇಡ್ಕರ್ ಅಲ್ಲ. ಸಂದರ್ಭಸಮೇತ ಓದಿಯೇ ತೀರ್ಪು ಕೊಟ್ಟವರು. ಸಂದರ್ಭ ಎಂದೊಡನೆ ಕ್ಷಮೆ ಎಂದು ತಿಳಿಯುವವರು ಅವರ ಪುಸ್ತಕಗಳನ್ನು ನೋಡಬೇಕು.

ಸೈಂಧವ ತಾ ಎಂದರೆ ಏನು ತರಬೇಕು ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಆ ಪದಕ್ಕೆ ಉಪ್ಪು, ಕುದುರೆ ಎರಡೂ ಅರ್ಥ. ಎಲೆಯ ಮುಂದೆ ಕೂತವನಿಗೆ ಉಪ್ಪು, ಪ್ರಯಾಣಕ್ಕೆ ಎದ್ದವನಿಗೆ ಕುದುರೆ. ಇದನ್ನು ತೀರ್ಮಾನಿಸುವುದು ‘ಪ್ರಕರಣ’. ಮೀಮಾಂಸಕರು ಸಂದರ್ಭಕ್ಕೆ ಬಳಸುತ್ತಿದ್ದ ಪದ ಅದು. ಇಂದಿನ ಕನ್ನಡದಲ್ಲಿ ಪ್ರಕರಣವೆಂದರೆ ಠಾಣೆಯಲ್ಲಿ ದಾಖಲಾಗುವಂಥದ್ದು. ಪ್ರಕರಣ ಕಳೆದುಕೊಂಡ ವಾಕ್ಯ ಕೊನೆಗೆ ಪ್ರಕರಣವೇ ಆಗುತ್ತದೆ. 1985ರಲ್ಲಿ ಕುರ್‌ಆನನ್ನು ನಿಷೇಧಿಸಬೇಕೆಂದು ಕಲ್ಕತ್ತ ಹೈಕೋರ್ಟಿಗೆ ಅರ್ಜಿ ಹೋಯಿತು, ವಜಾ ಆಯಿತು. 26 ಸೂಕ್ತಗಳನ್ನು ತೆಗೆಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2021ರ ಏಪ್ರಿಲ್‌ನಲ್ಲಿ 50,000 ರೂಪಾಯಿ ದಂಡದೊಡನೆ ವಜಾ ಆಯಿತು. ನಡುವೆ, 2011ರಲ್ಲಿ, ರಷ್ಯದ ತೋಮ್ಸ್ಕ್ ನಗರದಲ್ಲಿ ಕಟಕಟೆಗೆ ಬಂದದ್ದು ಇಸ್ಕಾನ್ ಸ್ಥಾಪಕ ಪ್ರಭುಪಾದರ ವ್ಯಾಖ್ಯಾನವಿರುವ ಭಗವದ್ಗೀತೆಯ ರಷ್ಯನ್ ಆವೃತ್ತಿ, ಉಗ್ರವಾದಿ ಸಾಹಿತ್ಯ ಎಂಬ ಆರೋಪದ ಮೇಲೆ. ಲೋಕಸಭೆಯಲ್ಲಿ ಗದ್ದಲವೆದ್ದಿತು, ಸರ್ಕಾರದ ಪರವಾಗಿ ಹೇಳಿಕೆ ಕೊಟ್ಟವರು ಆಗಿನ ವಿದೇಶಾಂಗ ಸಚಿವ, ನಮ್ಮ ಎಸ್.ಎಂ. ಕೃಷ್ಣ. ಡಿಸೆಂಬರ್ ಕೊನೆಗೆ ಆ ಅರ್ಜಿಯೂ ಬಿದ್ದುಹೋಯಿತು. ಕುರುಕ್ಷೇತ್ರದ ನಡುವೆ ಅರ್ಜುನನಿಗೆ ಹೇಳಿದ ಮಾತನ್ನು ಸೈಬೀರಿಯಾದ ದಂಡಸಂಹಿತೆಗೆ ಹಿಡಿಯಬಾರದೆಂದು ಅಂದು ಇಡೀ ದೇಶಕ್ಕೆ ಒಂದೇ ಏಟಿಗೆ ಅರ್ಥವಾಗಿತ್ತು.

ಹಾಗೆಂದು ಸಂದರ್ಭವೇನೂ ಆಕಾಶದಿಂದ ಇಳಿದದ್ದಲ್ಲ. ಅದನ್ನೂ ಮನುಷ್ಯರೇ ಪೋಣಿಸಿದ್ದು. ವಚನಗಳು 12ನೇ ಶತಮಾನದವು. ಅವನ್ನು ಅಲ್ಲಮ, ಬಸವಣ್ಣ, ಅಕ್ಕಮಹಾದೇವಿಯರ ಸಂವಾದವಾಗಿ ಕಟ್ಟಿ, ಯಾರು ಯಾವಾಗ ಯಾರಿಗೆ ಹೇಳಿದ್ದೆಂದು ಕಣ್ಣಿಗೆ ಕಟ್ಟುವಂತೆ ತೋರಿಸಿದ ಶೂನ್ಯಸಂಪಾದನೆ ಹುಟ್ಟಿದ್ದು 15ನೇ ಶತಮಾನದಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನ ನಂತರ ಮೂವರು ಅದನ್ನು ಪರಿಷ್ಕರಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಎಂಬಲ್ಲಿ ಅವರಲ್ಲೇ ಒಮ್ಮತವಿಲ್ಲ. ಹೊರಗಿನವನೊಬ್ಬ ವಚನಧರ್ಮವನ್ನು ಅರಿಯಲು ಬಂದರೆ ಅವನ ಕೈಗೆ ಒಂದೇ ಸಂಪಾದನೆಯನ್ನು ಕೊಟ್ಟು ಇದೇ ಸಂದರ್ಭ ಎನ್ನಲಾಗದು. ಈ ಜಗಳವನ್ನೂ ತೋರಿಸಬೇಕಾಗುತ್ತದೆ. ಮುಸ್ಲಿಮರಲ್ಲೂ ಈ ತೊಡಕು ಹೊಸದಲ್ಲ. ನಿಶಾಪುರದ ಅಲ್ ವಾಹಿದಿ 11ನೇ ಶತಮಾನದಲ್ಲಿ ಅಸ್ಬಾಬುನ್ನುಝೂಲ್ ಎಂಬ ಹೆಸರಿನಲ್ಲೇ ಪುಸ್ತಕ ಬರೆದ. ಅದರ ಪೀಠಿಕೆಯಲ್ಲಿ ಅವನ ದೂರು ಇದು: ಈಗೀಗ ಯಾರು ಬೇಕಾದರೂ ಸೂಕ್ತಕ್ಕೊಂದು ಸಬಬ್ ಹುಟ್ಟಿಸಿಕೊಂಡು ಸುಳ್ಳು ಹೆಣೆಯುತ್ತಿದ್ದಾರೆ.